ಒಂದು ತಂಬಿಗೆ ನೀರು

ವಿಲಾಯತಿಯ ಪಿನ್ನರ್ ಊರಿನಲ್ಲಿ ತನ್ನ ಮನೆಯೆದುರು ಊರಾಡಳಿತದ ಕೌನ್ಸಿಲ್‌ನವರು ನೆಟ್ಟ ಎವರ್‌ಗ್ರೀನ್ ಓಕ್ ಸಸಿಗೆ ವಿಜಯಪುರದ ನೀಲವ್ವ ಮೂರು ವರ್ಷ ದಿನಾ ಮುಂಜಾನೆ ಒಂದು ತಂಬಿಗೆ ನೀರು ಹಾಕಿದಳು, ತುಳಸಿಗೆ ಹಾಕುವ ಹಾಗೆ. ಟೊಂಕ ಹಿಡಿದರೂ ಒಂದು ದಿನ ತಪ್ಪಿಸಲಿಲ್ಲ. ಆದರೂ ಸಸಿ ಸೊರಗಿತು.

ನೋಡಲು ಬಂದ ಕೌನ್ಸಿಲ್ ಮಾಲಿ ಬುಡ ಕೆದಕಿ, ಇಂಗ್ಲಿಷಿನಲ್ಲಿ ತಿಳಿಹೇಳಿದ: "ದಿನಾ ಇಷ್ಟಿಷ್ಟೇ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ನಾಲ್ಕು ಬಕೆಟ್ ಹಾಕಿ ಬಿಟ್ಟುಬಿಡಿ. ನೀರು ಹುಡುಕಿಕೊಂಡು ಬೇರು ಕೆಳಗಿಳಿಯಲಿ."

"ಬಗ್ಗಿ ಬಗ್ಗಿ ಟೊಂಕ ಹೋಗಿದ್ದು ನಂದು, ಮೈಗಳ್ಳ ಆಗಿದ್ದು ಇದು!" ಎಂದು ನೀಲವ್ವ ಕನ್ನಡದಲ್ಲೇ ಸಿಡುಕಿದಳು.

ಮರುದಿನ ಮುಂಜಾನೆಯೂ ಕಾಲುಗಳು ಅವಳನ್ನು ಸಸಿಯ ಬಳಿಯೇ ತಂದು ನಿಲ್ಲಿಸಿದವು. ತಂಬಿಗೆ ಬಗ್ಗಿಸಹೋದವಳು ಕೈ ತಡೆದಳು. ಮೋಟುಗೋಡೆಯ ಮೇಲೆ ಉಸ್ಸೆಂದು ಕೂತು, ಆ ನೀರನ್ನು ತಾನೇ ಕುಡಿದಳು.