ನಾನು ಹಾಡಲೇ ಇಲ್ಲ

ಮೈಮೇಲೆ ಬಂತು, ಅಶರೀರವಾಣಿ ಕೇಳಿಸಿತು ಅನ್ನುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ರೇಗುತ್ತಿತ್ತು. ನಮ್ಮ ಅತ್ತೆಯೊಬ್ಬರಿಗೆ ಇಂಥ ಕತೆಗಳೆಂದರೆ ಪ್ರಾಣ. ಅವರು ಶುರು ಮಾಡಿದ ಕೂಡಲೇ ನಾನು ಎದ್ದು ಹೋಗುತ್ತಿದ್ದೆ. ಈಗ ನನ್ನ ಕತೆಗೆ ನೀವೂ ಎದ್ದು ಹೋದರೆ ಬೇಜಾರಿಲ್ಲ. ನಂಬಿ, ನಂಬಿ ಅಂತ ಕೇಳಿಕೊಂಡು ನನಗೂ ಸಾಕಾಗಿದೆ.

ತೊಂಬತ್ತರ ದಶಕ. ಚಾಮರಾಜಪೇಟೆಯ ಕಾನ್ವೆಂಟೊಂದರಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದೆ. ಶಿಸ್ತು ಕಲಿಯಲಿ ಅಂತ ಬಸವನಗುಡಿಯ ನಮ್ಮಂಥ ಮನೆಗಳವರು ಹೆಣ್ಣುಮಕ್ಕಳನ್ನು ಅಲ್ಲಿಗೆ ಸೇರಿಸುತ್ತಿದ್ದರು. ಶಿಸ್ತೇನೋ ಬೇಕಾದಷ್ಟಿತ್ತು. ಅದರ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಅನ್ನುವುದೊಂದು. ಅಂಗಳ ಗುಡಿಸುವುದಿರಲಿ, ವೃದ್ಧಾಶ್ರಮಕ್ಕೆ ಹೋಗುವುದಿರಲಿ, ಕಾಯಿರ್ ಅನ್ನುವ ಹಾಡಿನ ತಂಡದಲ್ಲಿ ನಿಂತು ಹಾಡುವುದಿರಲಿ, ಬರಲಿ ಬಿಡಲಿ ಎಲ್ಲರೂ ಎಲ್ಲದರಲ್ಲೂ ಇರಲೇಬೇಕು.

ನನ್ನದು ಕಾಗೆ ಕಂಠ. ಸಂಗೀತದ ಸಿಸ್ಟರ್ ಮಂಗಳೂರು ಕಡೆಯವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಸಾಲಲ್ಲಿ ನಿಂತು ಬಾಯಿ ಆಡಿಸು, ಸ್ವರ ಮಾತ್ರ ತೆಗೀಬೇಡ, ಆಯ್ತಾ?" ಅಂದರು. ನಡುವೆ ತುಟಿ ನಿಂತರೆ ಇಡೀ ಸ್ಕೂಲಿನ ಮಾನ ಹೋಗುತ್ತದೆ ಅಂತಲೂ ಸೇರಿಸಿದರು. ಕುಟುಂಬದಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟು. ಅವಮಾನವಾಗುತ್ತಿತ್ತು. ಆದರೂ ಪಕ್ಕದಲ್ಲಿ ಸ್ಟೆಲ್ಲಾ ನಿಲ್ಲುತ್ತಿದ್ದಳಲ್ಲ ಅಂತ ಸಹಿಸಿಕೊಂಡಿದ್ದೆ.

ಆ ಸ್ಕೂಲಿನಲ್ಲಿ ನನ್ನವಳು ಅಂತ ಇದ್ದವಳು ಅವಳೊಬ್ಬಳೇ. ಅವಳ ಅಪ್ಪ ಟೈಲರ್. ಲೆಕ್ಕ, ವಿಜ್ಞಾನ, ಇಂಗ್ಲಿಷು, ಎಲ್ಲದರಲ್ಲೂ ಅವಳಿಗೆ ಬೈಗುಳವೇ. ಹಾಡಿದಾಗ ಮಾತ್ರ ಎಲ್ಲರೂ ತೆಪ್ಪಗಾಗುತ್ತಿದ್ದರು. ಮಲ್ಲೇಶ್ವರದ ಶಾಲೆಯೊಂದರಲ್ಲಿ ಅಂತರಶಾಲಾ ಸ್ಪರ್ಧೆ ಬಂದಾಗ ಸ್ತುತಿಗೀತೆಯ ಮೇಲಿನ ಸ್ಥಾಯಿಯ ಎರಡು ಸಾಲು ಅವಳಿಗೇ ಅಂತಾಯಿತು. ಉಳಿದವರು ಕೆಳದನಿಯಲ್ಲಿ ಅದೇ ಮಾತು ಹಾಡಬೇಕು. ಮಗಳು ಹಾಡುವುದನ್ನು ಕೇಳಲು ಅವಳ ಅಪ್ಪ ಅಂದು ಅಂಗಡಿ ಮುಚ್ಚಿ ಬಂದಿದ್ದರು.

ಹಾಡು ಆ ಸಾಲಿಗೆ ಬಂತು. ಸ್ಟೆಲ್ಲಾ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವಳ ಕತ್ತಿನ ನರ ಉಬ್ಬಿದ್ದು ಕಂಡಿತು. ಅಷ್ಟರಲ್ಲಿ ಆ ಸಾಲು ಕೇಳಿಸಿತು. ಮೇಲಿನ ಸ್ಥಾಯಿಯಲ್ಲಿ, ಒಂದಿಷ್ಟೂ ಅಲುಗದೆ. ಎಷ್ಟು ಹತ್ತಿರದಿಂದ ಅಂದರೆ ಮುಂದಿನ ಸಾಲಿನ ಹುಡುಗಿಯರು ತಿರುಗಿ ನನ್ನನ್ನು ನೋಡಿದರು. ನಾನು ಗಾಬರಿಯಿಂದ ಗಂಟಲ ಮೇಲೆ ಬೆರಳಿಟ್ಟುಕೊಂಡೆ. ಮಾತಾಡುವಾಗ ಅಲ್ಲಿ ಆಗುವ ಅದುರು ಇರಲೇ ಇಲ್ಲ. ಆದರೆ ಸಿಸ್ಟರ್ ಭಯಕ್ಕೆ ತುಟಿ ಮಾತ್ರ ನಿಲ್ಲಿಸಲಿಲ್ಲ. ಆವತ್ತು ಬಾಯಿ ಮುಚ್ಚಿದ್ದರೆ ಏನಾಗುತ್ತಿತ್ತೋ.

ಬಹುಮಾನ ನಮಗೇ ಬಂತು. ಸಿಸ್ಟರ್ ನನ್ನನ್ನು ಅಪ್ಪಿಕೊಂಡರು. ಸ್ಟೆಲ್ಲಾಳ ಅಪ್ಪ ನನ್ನ ಹತ್ತಿರ ಬಂದು, "ಚೆನ್ನಾಗಿ ಹಾಡ್ದೆ ಕಣಮ್ಮಾ," ಅಂದರು. ಅವಳು ಅವರ ಪಕ್ಕದಲ್ಲೇ ನಿಂತಿದ್ದಳು. ನಾನು ಹಾಡಲಿಲ್ಲ ಅಂಕಲ್ ಅಂದೆ. ಅವರು ಅದನ್ನು ವಿನಯ ಅಂದುಕೊಂಡು ನಕ್ಕರು.

ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಸಿಸ್ಟರ್ ಅವಳ ಸಾಲನ್ನು ನನಗೆ ಕೊಟ್ಟರು. ಪ್ರಾಕ್ಟೀಸಿನಲ್ಲಿ ಹಾಡಿದೆ. ನನ್ನ ಕಾಗೆ ಕಂಠವೇ ಹೊರಬಂತು. ದೇವರು ಕೊಟ್ಟದ್ದನ್ನು ಬಚ್ಚಿಡುವುದು ಪಾಪ ಅಂತ ಬೈದರು. ಮತ್ತೆ ಹಾಡಿಸಿದರು, ಮತ್ತೆ ಬೈದರು. ಹಾಡಿದರೆ ನಾಟಕ, ಸುಮ್ಮನಿದ್ದರೆ ಅಹಂಕಾರ. ಅತ್ತ ದರಿ, ಇತ್ತ ಪುಲಿ. ಬೇರೆ ಯಾರಾದರೂ ಹಾಡಿರಬೇಕು ಅಂತ ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸಿದರು. ಸ್ಟೆಲ್ಲಾ ಕಾಯಿರ್ ಬಿಟ್ಟಳು, ಬೆಂಚು ಬದಲಾಯಿಸಿದಳು, ನನ್ನ ಜೊತೆ ಮಾತು ನಿಲ್ಲಿಸಿದಳು. ಬರುತ್ತಿದ್ದ ಹಾಡನ್ನು ಬಚ್ಚಿಟ್ಟುಕೊಂಡು, ಅವಳ ಅಪ್ಪ ಬಂದ ದಿನವೇ ನೋಡಿ ಕಿತ್ತುಕೊಂಡೆ ಅಂತ ಅವಳ ಲೆಕ್ಕ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ, ಅದೇ ನನಗೆ ಇನ್ನೂ ಸಿಟ್ಟು.

ಎಷ್ಟೋ ವರ್ಷಗಳಾದ ಮೇಲೆ ಗಾಂಧಿ ಬಜಾರಿನ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಚೆನ್ನಾಗಿದೀಯಾ ಅಂತ ಕೇಳುವ ಮೊದಲೇ ನಾನು ಅದನ್ನೇ ತೆಗೆದೆ. ಆವತ್ತು ಹಾಡಿದ್ದು ನಾನಲ್ಲ, ಆಣೆ ಮಾಡಿ ಹೇಳುತ್ತೇನೆ ಅಂದೆ. ಅವಳು ಕೈಲಿದ್ದ ಚೀಲ ಕೆಳಗಿಟ್ಟಳು.

"ಹಾಗಾದ್ರೆ ಈಗ ಹಾಡು, ಕೇಳ್ತೀನಿ."

ಹಾಡಿದೆ. ಮಾನ ಮರ್ಯಾದೆ ಬಿಟ್ಟು, ಹೂವಿನವರು, ಬಸ್ಸಿಗೆ ಕಾದವರು ಎಲ್ಲರೆದುರಿಗೆ, ಆ ಎರಡೂ ಸಾಲು ಹಾಡಿದೆ. ಸ್ವರ ಒಡೆಯಿತು, ಎಲ್ಲೆಲ್ಲೋ ಹೋಯಿತು. ಯಾರೋ ಕಿಸಕ್ಕನೆ ನಕ್ಕರು. ನನಗೆ ಒಳಗೊಳಗೇ ಖುಷಿ, ಇನ್ನಾದರೂ ನಂಬುತ್ತಾಳೆ ಅಂತ. ಸ್ಟೆಲ್ಲಾ ಕೊನೆಯವರೆಗೂ ಕೇಳಿದಳು.

"ಇನ್ನೂ ಹೀಗೇ ನಾಟಕ ಆಡ್ತೀಯಲ್ಲೇ," ಅಂದಳು. ಬಸ್ಸು ಬಂತು, ಹತ್ತಿಬಿಟ್ಟಳು.

ಹಾಡಿದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಮೊದಲು ಅವಳ ಮನೆಗೆ ಹೋಗಿ ಹೇಳುತ್ತಿದ್ದೆ.