ಖಾಲಾ ಹೊಲಿದ ಕಣ್ಣು

ಕಲಬುರಗಿಯ ಕಣ್ಣಾಸ್ಪತ್ರೆಯಲ್ಲಿ ಕೊಟ್ಟ ಚಿತ್ರವೊಂದು ನನ್ನ ಮುಂದಿದೆ. ನನ್ನ ಎಡಗಣ್ಣಿನ ಹಿಂಬದಿಯ ರಕ್ತನಾಳಗಳದ್ದು. ಯಂತ್ರಕ್ಕೆ ಗದ್ದ ಊರಿ, ಹಸಿರು ಚುಕ್ಕೆಯನ್ನು ನೋಡುತ್ತ ಕುಳಿತಿದ್ದೆ, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ಪರದೆಯ ಮೇಲೆ ದಾರದೆಳೆಗಳು ಮೂಡಿದಾಗ ನಕ್ಕುಬಿಟ್ಟೆ. ಇಂಥದ್ದನ್ನು ಹಿಂದೆಯೇ ಕಂಡಿದ್ದೆ... ಕೌದಿಯ ಮೇಲೆ.

ನಾನು ಮದುವೆಯಾಗಿ ವಾಡಿಗೆ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಹಳೆಯ ಸೀರೆ, ಲುಂಗಿ ಕೊಟ್ಟರೆ ಕೌದಿ ಹೊಲಿಯುತ್ತಿದ್ದರು. ಒಂದು ದಿನ ಅವರ ಎಡಗಣ್ಣಿಗೆ ಮಸುಕು ಕವಿಯಿತು. ಶಹಾಬಾದಿಗೆ ವಾರಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರ ಬಳಿ ಹೋಗೋಣವೆಂದರೆ ಒಪ್ಪಲಿಲ್ಲ.

“ಕಣ್ಣಾಗ ಸೂಜಿ ಹಾಕ್ತಾರಂತ, ಬೇಟಿ.”

“ದಿನಾ ಸೂಜಿ ಹಿಡಿಯೋ ನಿಮಗ ಅಂಜಿಕಿ ಏನ್ರಿ?”

“ನಾ ಅರಿವಿಗಿ ಹಾಕ್ತೀನಿ. ಅರಿವಿ ಅಳಂಗಿಲ್ಲ.”

ಕೊನೆಗೂ ಹೊರಡಿಸಿದೆ. ಡಾಕ್ಟರು ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟು ಕಣ್ಣೊಳಗೆ ಇಣುಕಿದರು. ಚುಚ್ಚಲಿಲ್ಲ. ಕಂಡದ್ದನ್ನು ಕೆಂಪು, ನೀಲಿ ಪೆನ್ಸಿಲಿನಿಂದ ಕಾಗದದ ಮೇಲೆ ಬರೆದರು: ಬಳ್ಳಿಯಂತೆ ಕವಲೊಡೆದ ನಾಳಗಳು, ಒಂದರ ಪಕ್ಕ ಏಳು ಚುಕ್ಕೆ.

“ಬಿ.ಪಿ. ಏರಿ ರಕ್ತ ಸೋರ್ಯದ. ಗುಳಿಗಿ ತಪ್ಪಸಬ್ಯಾಡ್ರಿ, ಉಪ್ಪು ಕಡಿಮಿ ಮಾಡ್ರಿ. ಮೂರು ತಿಂಗಳಿಗಿ ಇದೇ ಕಾಗದ ತರ್ರಿ. ಚುಕ್ಕಿ ಹೆಚ್ಚಾದ್ರ ಈ ಕಣ್ಣು ಉಳಿಯೋದು ಕಷ್ಟದ.”

ಆಗ ನಾನು ಬಸುರಿ. ಹುಟ್ಟುವ ಕೂಸಿಗೆಂದು ಖಾಲಾ ಚಿಕ್ಕ ಕೌದಿ ಹೊಲಿಯುತ್ತಿದ್ದರು. ಚಿತ್ತಾರ ಬೇಕಾದಾಗ ಕಾಗದವನ್ನೇ ಬಟ್ಟೆಗೆ ಸಡಿಲವಾಗಿ ಟಾಕು ಹಾಕಿ, ಗೆರೆಯ ಮೇಲೆ ಹೊಲಿದು, ಆಮೇಲೆ ಕಾಗದ ಹರಿದು ತೆಗೆಯುವುದು ಅವರ ರೂಢಿ.

ಮೂರು ತಿಂಗಳಾಯಿತು. ಹೊರಡುವಾಗ ಕಾಗದ ಕೇಳಿದೆ.

“ಅದು ಒಲಿಗಿ ಹೋಯ್ತು. ಛಲೋ ಬಳ್ಳಿ ಇತ್ತು, ಕೌದಿಗಿ ತಗೊಂಡೀನಿ.”

ನಾನು ಒಲೆಯ ಬೂದಿ ಕೆದಕಿ ನೋಡಿದೆ. ಖಾಲಾ ಮಾತ್ರ ಕೌದಿ ಮಡಚಿ ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಿದರು.

ಡಾಕ್ಟರು ಮೊದಲು ಸಿಡುಕಿದರು. ಆಮೇಲೆ ಕೌದಿಯನ್ನು ಮೇಜಿನ ಮೇಲೆ ಹಾಸಿ ಬಗ್ಗಿದರು. ಕೆಂಪು ದಾರ, ನೀಲಿ ದಾರ, ಚುಕ್ಕೆಯ ಜಾಗದಲ್ಲಿ ಬಿಗಿ ಗಂಟು. ಕಣ್ಣೊಳಗೆ ನೋಡುವರು, ಕೌದಿಯ ಮೇಲೆ ಬೆರಳಾಡಿಸುವರು, ಮತ್ತೆ ನೋಡುವರು...

“ಏಳರಾಗ ಆರು ಹೋಗ್ಯಾವ,” ಎಂದರು. “ಮತ್ತ ನಿಮ್ಮ ಹೊಲಿಗಿ ನನ್ನ ಗೆರಿಗಿಂತ ನೆಟ್ಟಗದ.”

ಹೊರಗೆ ಕಾದಿದ್ದವರೆಲ್ಲ ಕೌದಿ ನೋಡಲು ಒಳಗೆ ಬಂದರು.

ಮರಳುವ ರೈಲಿನಲ್ಲಿ ಖಾಲಾ ಸೂಜಿ ತೆಗೆದು ಒಂದೊಂದೇ ಗಂಟು ಬಿಚ್ಚತೊಡಗಿದರು. “ಕಣ್ಣಾಗ ಇಲ್ಲಂದ್ರ ಇಲ್ಲಿ ಯಾಕ ಇರಬೇಕು?” ವಾಡಿ ಬರುವಷ್ಟರಲ್ಲಿ ಆರೂ ಹೋದವು.

ಏಳನೆಯದು ಕಣ್ಣಿನಿಂದ ಹೋಗುವ ಹೊತ್ತಿಗೆ ನನ್ನ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. ಆ ಗಂಟನ್ನು ಚಿವುಟುತ್ತಲೇ ಅವಳು ನಿದ್ದೆಗೆ ಜಾರುತ್ತಿದ್ದಳು. ಖಾಲಾ ಸೂಜಿ ಹಿಡಿದು ಬಂದವರು ಅದನ್ನು ನೋಡಿ ನಿಂತರು. “ಇರಲಿ, ಈಗ ಅದು ಅಕಿದು,” ಎಂದು ಹೊರಟುಹೋದರು.

ಖಾಲಾ ತೀರಿಹೋಗಿ ಬಹಳ ವರ್ಷಗಳಾದವು. ಕೌದಿ ಸವೆದು ಆ ಗಂಟಿರುವ ಅಂಗೈಯಗಲದ ತುಂಡು ಉಳಿದಿದೆ. ನನ್ನ ಚಿತ್ರದಲ್ಲೂ ಎರಡು ಚುಕ್ಕೆಗಳಿವೆ, ಸಕ್ಕರೆ ಕಾಯಿಲೆಯವಂತೆ. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಚುಕ್ಕೆ ಹೋಗಿದ್ದರೆ ಯಂತ್ರ ತಾನೇ ತೋರಿಸುತ್ತದೆ. ರೈಲಿನಲ್ಲಿ ಕುಳಿತು ಬಿಚ್ಚಿಕೊಡುವವರು ಮಾತ್ರ ಇಲ್ಲ...

ಮಧ್ಯಾಹ್ನ ಆ ತುಂಡು ತೆಗೆದು ಗಂಟನ್ನು ಚಿವುಟುತ್ತ ಮಲಗಿದೆ. ಒಳ್ಳೆಯ ನಿದ್ದೆ ಬಂತು.