ಯಾರ ಮನೆಯವಳೆಂದು ಕೇಳಬಾರದ ಮನೆ

ಬೊಂಬಾಯಿಯ ಆ ಆಶ್ರಮದ ಕೋಣೆಯಲ್ಲಿ ಅವತ್ತು ಇದ್ದವರು ಮೂರೇ ಜನ. ಆಶ್ರಮ ನಡೆಸುತ್ತಿದ್ದ ಸುಲಭಾತಾಈ, ನಾನು, ಮತ್ತು ಗೋಡೆಗೆ ಮುಖ ಮಾಡಿ ಕುಳಿತಿದ್ದ ಒಬ್ಬ ಹುಡುಗಿ. ತಾಈ ಅಂದರೆ ಅಲ್ಲಿಯ ಮಾತಿನಲ್ಲಿ ಅಕ್ಕ. ಹುಡುಗಿಯನ್ನು ಯಾರೋ ತಂದು ಕೆಟ್ಟ ಮನೆಗೆ ಮಾರಿದ್ದರು. ಪೊಲೀಸರು ಬಿಡಿಸಿ ತಂದು ಹತ್ತು ದಿನವಾಗಿತ್ತು. ಜ್ವರದಲ್ಲಿ ಕನ್ನಡದಲ್ಲಿ ಕನವರಿಸಿದಳೆಂದು ತಾಈ ನನ್ನನ್ನು ಹುಡುಕಿ ಕರೆಸಿದ್ದರು.

ನನಗೋ ಹಿಗ್ಗು. ಗಂಡನ ಮಿಲ್ಲಿನ ಕೆಲಸಕ್ಕಾಗಿ ಬಂದು ಎಂಟು ತಿಂಗಳಿಂದ ಚಾಳಿನಲ್ಲಿದ್ದೆ. ಒಂದು ಉದ್ದ ಮೊಗಸಾಲೆಗೆ ಒಂದೊಂದೇ ಕೋಣೆ ಪೋಣಿಸಿದಂಥ ಕಟ್ಟಡ ಅದು. ನಮ್ಮ ತುರುವೇಕೆರೆ ಕಡೆ ಬಂದವರಿಗೆ ನೀರು ಬೆಲ್ಲ ಕೊಡುತ್ತಲೇ ಊರು ಮನೆ ಕೇಳುತ್ತೇವೆ, ಕೇಳದಿದ್ದರೆ ಅದು ಅಸಡ್ಡೆ. ಚಾಳಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಆ ಹಸಿವೆಲ್ಲ ಒಟ್ಟಿಗೇ ಬಾಯಿಗೆ ಬಂತು.

"ಯಾವೂರವಳೇ ಮಗಾ? ಯಾರ ಮನೆಯೋಳು?"

ಹುಡುಗಿ ಸರಕ್ಕನೆ ತಿರುಗಿದಳು. "ಆವಮ್ಮನೂ ಇಂಗೇ ಕೇಳಿದ್ಲು. ಇಂಗೇ ಮಗಾ ಅಂದಿದ್ಲು. ನೀನ್ ಯಾರ್ಗ್ ಮಾರ್ತೀಯ?"

ನಾನು ಎದ್ದು ಹೊರಗೆ ಬಂದುಬಿಟ್ಟೆ. ತಾಈ ತಮ್ಮ ಹಿಂದಿಯಲ್ಲಿ ಮೆಲ್ಲಗೆ ಅಂದದ್ದು ಇಷ್ಟು: ಕೇಳಬೇಡಿ, ಸುಮ್ಮನೆ ಕೂತಿರಿ, ಹೇಳುವುದು ಬಿಡುವುದು ಅವಳಿಷ್ಟ. ಆ ಮನೆಯ ಕಟ್ಟಳೆಯೇ ಅದು. ಡಾಕ್ಟರಮ್ಮ ಮೈ ಮುಟ್ಟುವ ಮೊದಲು ಹುಡುಗಿಯರ ಒಪ್ಪಿಗೆ ಕೇಳುತ್ತಿದ್ದರು. ಹುಡುಗಿಯರ ಕೋಣೆಗೆ ಚಿಲಕ ಒಳಗಡೆಗಿತ್ತು.

ಶನಿವಾರ ಶನಿವಾರ ಹೋಗಿ ಅಕ್ಕಿ ಆರಿಸುತ್ತಾ ಬಾಯಿ ಮುಚ್ಚಿ ಕೂತೆ. ನಮ್ಮ ಕಡೆಯ ಹೆಂಗಸಿಗೆ ಅದು ಏಕಾದಶಿ ಉಪವಾಸಕ್ಕಿಂತ ಕಷ್ಟ. ಎರಡು ತಿಂಗಳಾದ ಮೇಲೆ ಒಂದು ದಿನ ಅವಳೇ ಮೊರ ಎಳೆದುಕೊಂಡಳು.

"ಕಲ್ಲೆಲ್ಲಾ ಅಂಗೇ ಬುಟ್ಟಿದ್ದೀಯಲ್ಲಕ್ಕಾ!"

"ಕಣ್ಣು ಮಂಜು ಕಣೇ."

"ಬಾಯಿ ಮಾತ್ರ ಚೆಂದಾಗೈತೆ."

ಅವಳ ಹೆಸರು ಗೌರಿ. ನಮ್ಮ ತುರುವೇಕೆರೆ ಕಡೆಯದೇ, ದಬ್ಬೇಘಟ್ಟದ ಆಚೆಯ ಹಳ್ಳಿ. ಊರು ಮನೆ ಕೇಳಿ ಗುರುತು ಮಾಡಿಕೊಂಡ ಹೆಂಗಸೊಬ್ಬಳು ಬೆಂಗಳೂರಿನಲ್ಲಿ ಮನೆಗೆಲಸ ಕೊಡಿಸುತ್ತೇನೆಂದು ಕರೆದುಕೊಂಡು ಹೋಗಿದ್ದಳು. ಆಶ್ರಮದಲ್ಲಿ ಅವಳು ಹೊಲಿಗೆ ಕಲಿತಳು, ನನ್ನ ಕೈಲಿ ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡಳು. ನಾನು ಊರಿಗೆ ಹೊರಟಾಗ, "ಅವ್ವನ್ ಕಿವೀಲಿ ಮಾತ್ರ ಹೇಳು, ಬದ್ಕಿವ್ನಿ ಅಂತ. ಬರ್ಲಾ ಅಂತ ಕೇಳು" ಅಂದಳು.

ಅವಳ ತಾಯಿ ತೆಂಗಿನ ಗರಿಯಿಂದ ಕಡ್ಡಿ ತೆಗೆದು ಪೊರಕೆ ಕಟ್ಟುತ್ತಿದ್ದಳು. ಪಕ್ಕ ಕೂತು ಕಿವಿಯಲ್ಲಿ ಹೇಳಿದೆ. ಕೈ ನಿಲ್ಲಿಸಲಿಲ್ಲ, ಅಳಲಿಲ್ಲ. ನಾಲ್ಕು ಕಡ್ಡಿ ತೆಗೆದ ಮೇಲೆ ಮಾತು ಬಂತು.

"ಚಿಕ್ಕೋಳ್ಗೆ ಗಂಡು ಗೊತ್ತಾಗೈತೆ ಕಣವ್ವ. ಇವ್ಳು ಬಂದ್ರೆ ಮುರ್ದೋಯ್ತದೆ. ಮದ್ವೆ ಕಳೀಲಿ ಅನ್ನು."

ಪೊರಕೆಗೆ ಗಂಟು ಹಾಕುತ್ತಾ, "ತಲೆಗ್ ಎಣ್ಣೆ ಒತ್ತೋರ್ ಅವ್ರಾ ಅಲ್ಲಿ?"

"ನಾನೇ ಒತ್ತೀನಿ ಕಣವ್ವ."

ನನ್ನ ಎರಡು ಅಂಗೈಯನ್ನೂ ಹಿಡಿದು ನೋಡಿದಳು.

ನಾನು ಮರಳಿ ಬಂದು ಹೇಳಿದ್ದನ್ನು ಕೇಳಿ ಗೌರಿ, "ಕಳೀಲಿ ಬುಡು" ಎಂದು ಮಿಷನ್ನಿನ ಸೂಜಿಗೆ ದಾರ ಪೋಣಿಸತೊಡಗಿದಳು. ಆವತ್ತು ದಾರ ಸೂಜಿಗೆ ಹೋಗಲೇ ಇಲ್ಲ. ಎಷ್ಟು ದಿನವಾದರೂ ಇರು, ಹೋಗುವುದಾದರೆ ಜೊತೆಗೆ ಬರುತ್ತೇನೆ ಅಂದರು ತಾಈ. ಊರಲ್ಲಿ ನನ್ನನ್ನೂ ಈಗ "ನಿಮ್ಮೂರಿಗೆ ಯಾವಾಗ ಹೊರಡ್ತೀರಾ?" ಎಂದೇ ಕೇಳುತ್ತಾರೆ, ಚಾಳಿನಲ್ಲಿ ನಾನಿನ್ನೂ ಮದ್ರಾಸಿ. ಆದರೂ ಎರಡು ಕಡೆಯೂ ನನಗೆ ಬಾಗಿಲು ತೆರೆಯುತ್ತದೆ. ಅದನ್ನು ಗೌರಿಯ ಎದುರು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ.

ಮುಂದಿನ ವೈಶಾಖದಲ್ಲಿ ಗೌರಿಯ ತಂಗಿಯ ಮದುವೆ ಆಯಿತು. ಆಮೇಲೆ ತಾಈ ಗೌರಿಯನ್ನು ಕರೆದುಕೊಂಡು ತಿಪಟೂರಿಗೆ ಹೋದರು. ನಾನು ಗುಟ್ಟಾಗಿ ಹೇಳಿ ಕಳಿಸಿದ್ದೆ; ತಾಯಿ ಸ್ಟೇಷನ್ನಿಗೇ ಬಂದಿದ್ದಳಂತೆ, ರಾಗಿರೊಟ್ಟಿ ಕಟ್ಟಿಕೊಂಡು. ಇಬ್ಬರೂ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದರು. ಬೊಂಬಾಯಿಗೆ ಮರಳಲು ಅರಸೀಕೆರೆ ಕಡೆಯ ಗಾಡಿ ಬಂದಾಗ ತಾಯಿಯೇ ಮಗಳನ್ನು ಹತ್ತಿಸಿ, ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳಂತೆ.